ತೆಳ್ಳಗಾದ ರಸ್ತೆ ಮತ್ತು ನಮ್ಮವ್ವನ ಸೋಮವಾರ

ರಸ್ತೆಯ ಬದಿಗೆ ಅಂಗಡಿ ಇಟ್ಟುಕೊಂಡವನು ನಗಬೇಕೆಂದರೆ ಎಲ್ಲಿಗೂ ಎದ್ದು ಹೋಗಬೇಕಾಗಿಲ್ಲ. ಕೂತಲ್ಲೇ ಕೂತು ಮುಂದೆ ನೋಡುತ್ತಿದ್ದರೆ ಸಾಕು, ನಗುವ ಸಂಗತಿ ತಾನಾಗಿಯೇ ನಡೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂಡುತ್ತದೆ. ಅದಕ್ಕೆ ಚಹಾ ಕೊಡುವುದೊಂದು ಬಾಕಿ.

ನಾನು ಹುಟ್ಟಿದ್ದು ಅಗರಖೇಡದಲ್ಲಿ, ಕಲಿತದ್ದೂ ಅಲ್ಲಿಯ ಸಾಲಿಯಲ್ಲೇ. ಸಂಸಾರ ಹೂಡಿದ್ದು ಇಂಡಿಯಲ್ಲಿ. ಪೂಜೆ ಸಾಮಾನಿನ ಅಂಗಡಿ ನನ್ನದು. ವಿಭೂತಿ, ಕರ್ಪೂರ, ಊದಿನಕಡ್ಡಿ, ಬತ್ತಿ, ತೆಂಗಿನಕಾಯಿ ಮಾರುತ್ತೇನೆ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಅಂಗಡಿಯ ಬಾಗಿಲು ತೆಗೆದರೆ ಎದುರಿಗೇ ಬಸವಣ್ಣನ ಗುಡಿ. ಇಂಥ ಜಾಗ ಸಿಕ್ಕದ್ದು ಅವನ ದಯೆ ಎಂದೇ ನಾನು ತಿಳಿದಿದ್ದೇನೆ.

ಆದರೆ ಅವನಿಗೂ ನಮಗೂ ನಡುವೆ ರಸ್ತೆ ಇದೆಯಲ್ಲ, ಅದರದೇ ಈ ಕಥೆ.

ಮೊದಲು ಅದು ಸಣ್ಣ ರಸ್ತೆ. ಊರು ಬೆಳೆಯಿತು. ನಿಂಬೆಕಾಯಿಯ ಲಾರಿಗಳು ಹೆಚ್ಚಿದವು, ಸಿಂದಗಿಯ ಕಡೆಯ ಬಸ್ಸುಗಳು ಹೆಚ್ಚಿದವು, ಮನೆಗೊಂದು ಇದ್ದ ಮೋಟರ್ ಸೈಕಲ್ಲು ಆಳಿಗೊಂದಾಯಿತು. ಆಗ ರಸ್ತೆ ಅಗಲ ಮಾಡಿದರು. ಹೋಗಲಿಕ್ಕೆ ಎರಡು ಸಾಲು, ಬರಲಿಕ್ಕೆ ಎರಡು ಸಾಲು, ನಡುವೆ ಮೊಣಕಾಲೆತ್ತರದ ಡಿವೈಡರ್. ಊರಿಗೆಲ್ಲ ಹಿಗ್ಗು. ನಮ್ಮ ಅವ್ವನಿಗೆ ಮಾತ್ರ ದೇವರು ದೂರಾದ. ನನ್ನ ಜೊತೆ ಇಂಡಿಗೆ ಬಂದಾಗಿನಿಂದ ಸೋಮವಾರ ಗುಡಿ ತಪ್ಪಿಸಿದವಳಲ್ಲ. ಈಗ ಓಡುವ ಗಾಡಿಗಳ ನಡುವೆ ನುಗ್ಗಬೇಕು, ಮೇಲೆ ಡಿವೈಡರ್ ಏರಬೇಕು. ಮೊಣಕಾಲು ಎರಡಕ್ಕೂ ಒಪ್ಪಲಿಲ್ಲ.

“ಮೋಟರ್ ಸೈಕಲ್ ಮ್ಯಾಲ ಕುಂಡರು, ಸರ್ಕಲ್ ಸುತ್ತಿ ಒಯ್ದು ಬಿಡ್ತೇನಿ” ಎಂದೆ.

“ಎದುರಿಗೆ ಕುಂತ ದೇವರ ಹಂತೇಕ ಊರು ಸುತ್ತಿ ಹೋಗೋದೇನು? ಕಾಲಿಲೆ ಹೋದ್ರ ಹೋದಂಗ. ಇಲ್ಲಂದ್ರ ಇಲ್ಲಿಂದನ ಕೈ ಮುಗೀತೇನಿ” ಎಂದಳು.

ಅಂದಿನಿಂದ ನಮ್ಮ ಅಂಗಡಿಯ ಮೆಟ್ಟಿಲೇ ಅವಳಿಗೆ ಗುಡಿಯ ಬಾಗಿಲಾಯಿತು.

ಬಸ್ಸಿಗೆ ಮುಗಿದ ಕೈ

ಗುಡಿಯ ಪೂಜಾರಿ ಅಯ್ಯನವರು ದೊಡ್ಡ ಮನಸ್ಸಿನವರು. ಸೋಮವಾರ ಸಂಜೆ ಆರತಿ ಆದ ಮೇಲೆ ತಟ್ಟೆ ಹಿಡಿದು ಗುಡಿಯ ಹೊರಬಾಗಿಲಿಗೆ ಬರುತ್ತಿದ್ದರು. ತಟ್ಟೆ ಎತ್ತಿ ತೋರಿಸುತ್ತಿದ್ದರು. ಅವ್ವ ಈಚೆಯಿಂದ ಎರಡೂ ಕೈ ತಲೆಯ ಮೇಲೆತ್ತಿ ಮುಗಿಯುತ್ತಿದ್ದಳು.

ಒಂದು ಸೋಮವಾರ ಅವ್ವ ಕೈ ಎತ್ತಿದ್ದಕ್ಕೂ ಬಸ್ಸು ಬಂದದ್ದಕ್ಕೂ ಸರಿಹೋಯಿತು. ಮುದುಕಿ ಕೈ ಮಾಡಿದಳೆಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಕಂಡಕ್ಟರ್ ಬಾಗಿಲು ತೆಗೆದ.

“ಲಗೂ ಹತ್ರಿ ಆಯಿ.”

“ನಾ ಎಲ್ಲಿಗೂ ಬರಂಗಿಲ್ಲಪಾ. ನೀ ಮುಂದಕ್ಕ ಹೋಗು, ದೇವರು ಮರೆ ಆಗ್ಯಾನ.”

“ಹೆಣ್ಣಮಕ್ಕಳಿಗೆ ಪುಕ್ಕಟೆ ಐತ್ರಿ, ಹತ್ರಿ.”

“ಪುಕ್ಕಟೆ ಐತಿ ಅಂತ ಎಲ್ಲಿಗೆ ಹೋಗ್ಲೋ? ನಾ ಹೋಗಬೇಕಾಗಿದ್ದು ನಿನ್ನ ಬಸ್ಸಿನ ಆಚೀಕಡೆ. ಅಲ್ಲಿಗೆ ಬಿಡ್ತಿಯೇನು?”

ಕಂಡಕ್ಟರ್ ಬಗ್ಗಿ ಆಚೆ ನೋಡಿದ. ಅಯ್ಯನವರು ಇನ್ನೂ ತಟ್ಟೆ ಎತ್ತಿಕೊಂಡೇ ನಿಂತಿದ್ದರು. ಅವನಿಗೆ ಎಲ್ಲ ಅರ್ಥವಾಯಿತು. ತಾನೂ ಒಮ್ಮೆ ಕೈ ಮುಗಿದು ಸೀಟಿ ಊದಿದ.

ಮುಂದಿನ ಸೋಮವಾರ ಅದೇ ಬಸ್ಸು ನಮ್ಮ ಅಂಗಡಿಗಿಂತ ಸ್ವಲ್ಪ ಹಿಂದೆಯೇ ನಿಂತಿತು. ಅವ್ವನ ಕೈ ಇಳಿಯುವವರೆಗೆ ಕದಲಲಿಲ್ಲ. ಅದರೊಳಗೆ ಕೂತವರೂ ಕಿಟಕಿಯಿಂದ ಗುಡಿಗೆ ಕೈ ಮುಗಿದರು. ಮುದ್ದೇಬಿಹಾಳದ ಕಡೆಯ ಯಾರೋ ಒಬ್ಬರು ಹೊಸಬರು, “ಇಲ್ಲಿ ಸ್ಟಾಪ್ ಇಲ್ಲಲ್ರಿ, ಯಾಕ ನಿಲ್ಲಿಸಿದ್ರಿ?” ಎಂದು ಜಗಳ ತೆಗೆದರು.

ಕಂಡಕ್ಟರ್ ಗಂಭೀರವಾಗಿ ಹೇಳಿದ: “ಇದು ಆರತಿ ಸ್ಟಾಪ್ ರಿ.”

ಬೇವಿನ ಗಿಡದ ಕೆಳಗಿನ ಸಭೆ

ಒಂದು ದಿನ ಕಚೇರಿಯಿಂದ ಒಬ್ಬ ಇಂಜಿನಿಯರ್ ಮೇಡಮ್ಮನವರು ಬಂದರು. ಮೈಸೂರಿನ ಕಡೆಯವರು, ವಯಸ್ಸು ಚಿಕ್ಕದು, ಮಾತು ಮೆತ್ತಗೆ. ನಮ್ಮ ಅಂಗಡಿಯ ಮುಂದಿನ ಬೇವಿನ ಗಿಡದ ಕೆಳಗೆ ಓಣಿಯವರನ್ನೆಲ್ಲ ಕೂಡಿಸಿ ಹೇಳಿದರು.

“ಈ ರಸ್ತೆಯಲ್ಲಿ ನಾಲ್ಕು ಸಾಲು ಇದೆಯಲ್ಲ, ಅದನ್ನ ಎರಡು ಮಾಡ್ತೀವಿ. ಹೋಗೋಕೆ ಒಂದು, ಬರೋಕೆ ಒಂದು. ಉಳಿದ ಜಾಗ ನಡೆಯೋರಿಗೆ. ಗುಡಿ ಎದುರಿಗೆ ಡಿವೈಡರ್ ಒಡೆದು ದಾಟೋಕೆ ದಾರಿ ಬಿಡ್ತೀವಿ.”

ರಸ್ತೆ ಅಗಲ ಮಾಡುತ್ತೇವೆ ಎಂದು ಬಂದವರನ್ನು ಜನ ನೋಡಿದ್ದರು, ಅವರೊಡನೆ ಜಗಳವಾಡಿಯೂ ರೂಢಿಯಿತ್ತು. ಸಣ್ಣ ಮಾಡುತ್ತೇವೆ ಎಂದು ಬಂದವರೊಡನೆ ಜಗಳ ಎಲ್ಲಿಂದ ಶುರು ಮಾಡಬೇಕೆಂಬುದು ಯಾರಿಗೂ ತಿಳಿಯಲಿಲ್ಲ.

ಶುರು ಮಾಡಿದವರು ನನ್ನ ಪಕ್ಕದ ಅರಿವಿ ಅಂಗಡಿಯ ಸಾಹುಕಾರರು. ಬಟ್ಟೆಯ ದೊಡ್ಡ ವ್ಯಾಪಾರ ಅವರದು. ಹಬ್ಬ ಬಂದರೆ ಗಿರಾಕಿಗಳ ಕಾರು ಅಂಗಡಿಯ ಮುಂದೆ ಎರಡು ಸಾಲು ನಿಲ್ಲುತ್ತಿದ್ದವು. ಆ ಜಾಗ ಹೋದರೆ ಗಿರಾಕಿಯೂ ಹೋಗುತ್ತಾನೆ ಎಂಬುದು ಅವರ ಭಯ.

“ಮೇಡಂ ಅವರ, ಊರು ದಿನಾ ಬೆಳಿಯಾಕತ್ತೈತಿ. ಬೆಳಿಯೋ ಕೂಸಿಗೆ ಯಾರರ ಸಣ್ಣ ಅಂಗಿ ಹೊಲಸ್ತಾರೇನ್ರಿ? ನಾ ಹುಟ್ಟಿದಾಗಿಂದ ಅರಿವಿ ಮಾರೇನಿ, ನನಗ ಗೊತ್ತೈತಿ!”

ಜನ ಚಪ್ಪಾಳೆ ತಟ್ಟಿದರು. ಮೇಡಮ್ಮನವರ ಮುಖ ಸಣ್ಣದಾಯಿತು. ಆಗ ಮೆಟ್ಟಿಲ ಮೇಲೆ ಬತ್ತಿ ಹೊಸೆಯುತ್ತ ಕೂತಿದ್ದ ಅವ್ವ ತಲೆ ಎತ್ತದೆಯೇ ಕೇಳಿದಳು.

“ಅಂಗಿ ದೊಡ್ಡದ ಹೊಲಸು ತಮ್ಮಾ, ಬ್ಯಾಡ ಅನ್ನಂಗಿಲ್ಲ. ಕೂಸು ಬೆಳದೈತಿ ಅಂತ ಅದರ ಬಾಯಿ ಹರದು ದೊಡ್ಡದ ಮಾಡಸ್ತಿಯೇನು?”

ಕೂಡಿದ ಜನ ಈಗ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ನಮ್ಮ ಊರಿನವರ ಗುಣವೇ ಹಾಗೆ, ಯಾರ ಮಾತು ಕಡೆಗೆ ಬಂತೋ ಅದು ಖರೆ.

ಕೊನೆಗೆ ಒಂದು ಒಪ್ಪಂದವಾಯಿತು. ಕಾರ್ತಿಕ ಮಾಸ ಮುಗಿಯುವವರೆಗೆ ಮಾಡಿ ನೋಡುವುದು. ಕಡೆಯ ಸೋಮವಾರ ವಿಜಯಪುರದಿಂದ ದೊಡ್ಡ ಸಾಹೇಬರು ಬಂದು ಕಣ್ಣಿನಿಂದ ನೋಡಿ, ಇಡುವುದೋ ತೆಗೆಯುವುದೋ ಹೇಳುವುದು. ತೆಗೆಯಿರಿ ಎಂದರೆ ಗುಡಿಯ ಎದುರಿನ ದಾರಿಯೂ ಮತ್ತೆ ಮುಚ್ಚಿಹೋಗುತ್ತದೆ.

ಸಭೆ ಮುಗಿದ ಮೇಲೆ ಸಾಹುಕಾರರು ಅವ್ವನ ಹತ್ತಿರ ಬಂದು, “ಎವ್ವಾ, ಭರೆ ಸಭಾದಾಗ ನನ್ನ ಬಾಯಿ ಮುಚ್ಚಿಸಿಬಿಟ್ಟಿ” ಎಂದರು.

“ನಿನ್ನ ಬಾಯಿ ಅಲ್ಲೋ, ಕೂಸಿನ ಬಾಯಿ ಅಂದೆ. ನಿಂದ್ಯಾರು ಮುಚ್ಚತಾರ!”

ಸಿಂದಗಿಯ ಫೋನು

ಸುದ್ದಿ ಹಬ್ಬಿತು. ಸಿಂದಗಿಯಿಂದ ನಮ್ಮ ಬೀಗರು ಫೋನ್ ಮಾಡಿದರು. ದನಿ ಬಹಳ ಮೆಲ್ಲಗಿತ್ತು.

“ಬೀಗರ, ನಿಮ್ಮ ಊರಾಗ ರಸ್ತಾ ತೆಳ್ಳಗಾಗೈತಂತಲ್ಲ?”

“ಹೌದ್ರಿ.”

“ಮೊನ್ನಿ ಬಂದಾಗ ಚಲೋ ಮೈ ಕೈ ತುಂಬಿಕೊಂಡಿತ್ತು. ಏನಾತ್ರಿ ಅದಕ್ಕ?”

ಕೆಂಪು ಟೊಪ್ಪಿಗೆಯ ಉತ್ಸವ

ಯಾವ ಸಾಲು ಬಂದ್, ಯಾವುದು ಚಾಲೂ ಎಂದು ತೋರಿಸಲು ಕಚೇರಿಯವರು ಕೆಂಪು ಪ್ಲಾಸ್ಟಿಕ್ಕಿನ ಚೂಪು ಟೊಪ್ಪಿಗೆಗಳನ್ನು ಸಾಲಾಗಿ ಇಟ್ಟು ಹೋದರು. ಎರಡನೆಯ ದಿನವೇ ಒಬ್ಬ ಆಟೋದವನು ಬಸ್ ಸ್ಟ್ಯಾಂಡಿನಿಂದ ಅವಸರದಲ್ಲಿ ಬಂದವನು ನಮ್ಮ ಅಂಗಡಿಯ ಮುಂದಿನ ಟೊಪ್ಪಿಗೆಗೆ ಸವರಿಕೊಂಡು, ಒಂದು ಗಾಲಿ ಎತ್ತಿ, ಮತ್ತೆ ಇಳಿಸಿ ನಿಂತ. ಯಾರಿಗೂ ಏನೂ ಆಗಲಿಲ್ಲ. ಟೊಪ್ಪಿಗೆಯೂ ಬೀಳಲಿಲ್ಲ. ಆಟೋದವನು ಇಳಿದು ನನ್ನ ಅಂಗಡಿಗೆ ಬಂದ, ಒಂದು ವಿಭೂತಿ ಗಟ್ಟಿ ಕೊಂಡ, ಹೋಗಿ ಆ ಟೊಪ್ಪಿಗೆಗೆ ಮೂರು ಬೆರಳು ಎಳೆದು ಕೈ ಮುಗಿದ.

ಅಷ್ಟೇ ಆದದ್ದು. ಆಮೇಲಿನದನ್ನು ರಸ್ತೆಯೇ ಮಾಡಿಕೊಂಡಿತು. ಹಿಂದೆ ಬಂದ ಟೆಂಪೋದವನು ವಿಭೂತಿ ಕಂಡು ಗಾಡಿ ನಿಧಾನ ಮಾಡಿ ಎದೆ ಮುಟ್ಟಿಕೊಂಡ. ಸಂಜೆಗೆ ಯಾರೋ ಹೂವಿನ ಮಾಲೆ ಏರಿಸಿದರು. ಪರೀಕ್ಷೆಗೆ ಹೊರಟ ಹುಡುಗಿಯರು ಊದಿನಕಡ್ಡಿ ಹಚ್ಚಿದರು. ವಾರದೊಳಗೆ ಅದರ ಮುಂದೆ ಕಾಯಿ ಒಡೆಯುವುದಕ್ಕೂ ಶುರುವಾಯಿತು. ನನ್ನ ವ್ಯಾಪಾರ ಸ್ವಲ್ಪ ಸುಧಾರಿಸಿತು. ಅದನ್ನು ಮುಚ್ಚಿಡುವುದಿಲ್ಲ.

ಮೇಡಮ್ಮನವರು ತಪಾಸಣೆಗೆ ಬಂದರು. ಆ ಒಂದು ಟೊಪ್ಪಿಗೆ ಸಾಲು ಬಿಟ್ಟು ನಿಂತಿದೆ, ನಾಲ್ಕು ಹೆಜ್ಜೆ ಆಚೆ ಇಡಿ ಎಂದು ಕೆಲಸದವರಿಗೆ ಹೇಳಿದರು. ಕೆಲಸದವರು ಕೈ ಕಟ್ಟಿಕೊಂಡು ನಿಂತರು.

“ಮೇಡಂ ಅವರ, ಕುಂತ ದೇವರನ್ನ ನಾವು ಕೀಳಂಗಿಲ್ರಿ.”

“ಇದು ದೇವರಲ್ಲ, ಪ್ಲಾಸ್ಟಿಕ್!”

“ಕಲ್ಲು ಸುದ್ದಾ ಮೊದಲ ಕಲ್ಲ ಇತ್ರಿ.”

ಮೇಡಮ್ಮನವರು ತಲೆ ಹಿಡಿದುಕೊಂಡರು. ಕೊನೆಗೆ ಗುಡಿಯಿಂದ ಅಯ್ಯನವರನ್ನು ಕರೆಸಿದರು. ಅಯ್ಯನವರು ಟೊಪ್ಪಿಗೆಯ ಸುತ್ತ ಒಂದು ಸುತ್ತು ಬಂದು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತು ತೀರ್ಪು ಕೊಟ್ಟರು.

“ಇದಕ್ಕ ಪ್ರತಿಷ್ಠಾಪನಾ ಆಗಿಲ್ಲ, ಹಂಗಾಗಿ ಇದು ಇಲ್ಲೇ ಇರಬೇಕಂತಿಲ್ಲ. ಆದ್ರ ಜನ ಕೈ ಮುಗದಾರ, ಕಿತ್ತು ಒಗಿಯಾಕೂ ಬರಂಗಿಲ್ಲ. ಎತ್ತಿಕೊಂಡು ಜಾಗಟಿ ಬಾರಿಸ್ಕೋತ ನಡೀರಿ. ಉತ್ಸವ ಆಕ್ಕೈತಿ.”

ಹಾಗೇ ಆಯಿತು. ಗುಡಿಯಿಂದ ಜಾಗಟೆ ಬಂತು. ಕೆಲಸದವರಿಬ್ಬರು ಟೊಪ್ಪಿಗೆಯನ್ನು ಹೆಗಲೆತ್ತರಕ್ಕೆ ಎತ್ತಿದರು, “ಹರಹರ ಮಹಾದೇವ” ಎಂದು ನಾಲ್ಕು ಹೆಜ್ಜೆ ನಡೆದು ಇಳಿಸಿದರು. ನೋಡಿದರೆ ಮೇಡಮ್ಮನವರೂ ಚಪ್ಪಲಿ ಬಿಟ್ಟು ನಿಂತಿದ್ದರು.

ಎಚ್ಚರಾದ ಕೂಡಲೇ ಅವರು ಉಳಿದ ಟೊಪ್ಪಿಗೆಗಳ ಕಡೆ ನೋಡಿದರು. ಅವನ್ನೂ ಸರಿಸುವುದಿತ್ತು. ಆಮೇಲೆ ನನ್ನ ಕಡೆ ತಿರುಗಿ ಕೈ ಜೋಡಿಸಿದರು.

“ಯಜಮಾನ್ರೇ, ನಮ್ಮ ಕೆಲಸ ಮುಗಿಯೋವರೆಗೆ ದಯವಿಟ್ಟು ನಿಮ್ಮ ಅಂಗಡಿ ಮುಚ್ಚಿ.”

ಮೊದಲು ನೀವು

ಡಿವೈಡರ್ ಒಡೆದು, ಬಿಳಿ ಪಟ್ಟೆ ಬಳಿದು ದಾರಿ ಬಿಟ್ಟ ಮೇಲೆ ಬಂದ ಮೊದಲ ಸೋಮವಾರ. ಅವ್ವ ಇಳಕಲ್ ಸೀರೆ ಉಟ್ಟಳು. ನಾನು ಕೈ ಹಿಡಿದೆ. ಇಬ್ಬರೂ ಪಟ್ಟೆಯ ಅಂಚಿಗೆ ಬಂದು ನಿಂತೆವು.

ಗಾಡಿಗಳು ಈಗ ಒಂದೇ ಸಾಲು, ಹಾಗಾಗಿ ನಿಧಾನ. ಒಂದು ಟೆಂಪೋ ಬಂದು ನಮ್ಮನ್ನು ನೋಡಿ ನಿಂತಿತು. ಓಡಿಸುತ್ತಿದ್ದವನು ಕೈ ಮಾಡಿ, “ಹೋಗ್ರಿ ಆಯಿ” ಎಂದ.

ಇಷ್ಟು ವರ್ಷದಲ್ಲಿ ತಾನು ದಾಟಲೆಂದು ಯಾವ ಗಾಡಿಯೂ ನಿಂತದ್ದನ್ನು ಅವ್ವ ಕಂಡಿರಲಿಲ್ಲ. ಅವಳಿಗೆ ಸಂಕೋಚವಾಯಿತು.

“ನೀ ಹೋಗಪಾ. ನಿನಗ ಕೆಲಸ ಇರ್ತಾವ.”

“ಇಲ್ರಿ ಆಯಿ, ನೀವು ಹಿರೇರು. ಮೊದಲ ನೀವು.”

“ನನಗೇನ್ ಅವಸರೋ? ದೇವರು ಎಲ್ಲಿಗೂ ಹೋಗಂಗಿಲ್ಲ. ನೀ ನಡಿ.”

“ನಿಮ್ಮನ್ನ ನಿಲ್ಲಿಸಿ ನಾ ಹೋದ್ರ ನಮ್ಮವ್ವ ನನ್ನ ಮನ್ಯಾಗ ಕರಕೊಳ್ಳಂಗಿಲ್ರಿ.”

ನಾನು ಅವ್ವನ ಕೈ ಎಳೆದರೆ ಅವಳು ಒಂದು ಹೆಜ್ಜೆ ಇಡುತ್ತಿದ್ದಳು. ಅಷ್ಟರಲ್ಲಿ ಆ ಹುಡುಗ ನಾವು ನಿಂತೆವೆಂದು ತಿಳಿದು ಗಾಡಿ ಒಂದು ಗೇಣು ಮುಂದೆ ಬಿಡುತ್ತಿದ್ದ. ಅದನ್ನು ಕಂಡು ಅವ್ವ ಹಿಂದಕ್ಕೆ ಬರುತ್ತಿದ್ದಳು, ಅವಳು ಹಿಂದಕ್ಕೆ ಬಂದಳೆಂದು ಅವನು ಮತ್ತೆ ಬ್ರೇಕ್ ಹಾಕುತ್ತಿದ್ದ. ಮರ್ಯಾದೆಯಲ್ಲಿ ಯಾರೂ ಸೋಲಲಿಲ್ಲ. ಹಿಂದೆ ಗಾಡಿಗಳು ಸರ್ಕಲ್ಲಿನವರೆಗೆ ನಿಂತವು. ಕೊನೆಗೆ ಹಿಂದಿನಿಂದ ಹಾಲಿನ ಕ್ಯಾನುಗಳ ಮೋಟರ್ ಸೈಕಲ್ಲಿನವನೊಬ್ಬ ಇಳಿದು ಬಂದು ಇಬ್ಬರಿಗೂ ಕೈ ಮುಗಿದ.

“ನೀವಿಬ್ಬರೂ ಇಲ್ಲೇ ಇದ್ದು ತೀರ್ಮಾನ ಮಾಡ್ಕೊಳ್ರಿ. ನನ್ನ ಹಾಲು ಒಡಿಯಾಕತ್ತೈತಿ, ಮೊದಲ ನಾ ಹೋಗ್ತೇನಿ.”

ಅಂತೂ ದಾಟಿದೆವು. ಅವ್ವ ಬಸವಣ್ಣನ ಪಾದದ ಕಲ್ಲಿಗೆ ಹಣೆ ಹಚ್ಚಿದಳು, ಬಹಳ ಹೊತ್ತು ಏಳಲಿಲ್ಲ. ನಾನು ಮೊಣಕಾಲು ಹಿಡಿಯಿತೇನೋ ಎಂದು ಬಗ್ಗಿ ನೋಡಿದೆ. ಅಳುತ್ತಿದ್ದಳು. ಬರುವಾಗ ಒಂದೇ ಮಾತು: “ಕಾರ್ತಿಕ ಮುಗಿದ ಮ್ಯಾಲ ಈ ಕಿಂಡಿ ಮುಚ್ಚತಾರೇನೋ?”

ನಾನು ಅವಳ ಕೈ ಹಿಡಿದು ಪಟ್ಟೆ ದಾಟಿಸಿದೆ.

ಮಾಮಾನ ಹುರುಳಿ

ನಮ್ಮ ಕಡೆಯ ರೈತರು ಹುರುಳಿ ಕಿತ್ತು ತಂದು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಹೋಗುವ ಬರುವ ಗಾಡಿಗಳ ಗಾಲಿ ಹಾಯ್ದು ಕಾಳು ಉದುರುತ್ತದೆ. ಕಣದ ಕೆಲಸ ಪುಕ್ಕಟೆಯಾಗಿ ಮುಗಿಯುತ್ತದೆ. ಮಾಡಬಾರದು ಎಂದು ಎಲ್ಲರಿಗೂ ಗೊತ್ತು, ಮಾಡದವರು ಕಡಿಮೆ.

ಅವ್ವನ ತಮ್ಮ, ಅಗರಖೇಡದ ಮಾಮಾ, ಇಂಡಿಯಲ್ಲಿ ಅರ್ಧ ರಸ್ತೆ ಖಾಲಿ ಬಿದ್ದಿದೆ ಎಂಬ ಸುದ್ದಿ ಕೇಳಿದ್ದ. ಒಂದು ಮುಂಜಾನೆ ಟ್ರ್ಯಾಕ್ಟರಿನ ತುಂಬ ಹುರುಳಿ ಹೇರಿಕೊಂಡು ಬಂದೇಬಿಟ್ಟ. ಕೆಂಪು ಟೊಪ್ಪಿಗೆಯ ಈಚೆ, ಬಂದ್ ಆದ ಸಾಲಿನ ಮೇಲೆ, ಚೊಕ್ಕಾಗಿ ಹರವಿದ. ಬೇಡ ಎಂದರೂ ಕೇಳಲಿಲ್ಲ. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ ಕಾದ.

ಗಾಡಿಗಳು ಟೊಪ್ಪಿಗೆಯ ಆಚೆ ಒಂದರ ಹಿಂದೊಂದು ಶಿಸ್ತಿನಿಂದ ಹೋದವು. ಈಚೆಗೆ ಒಂದು ಸೈಕಲ್ಲೂ ಬರಲಿಲ್ಲ. ಮಾಮಾ ಎರಡನೆಯ ಚಹಾ ಕುಡಿದ. ಬಿಸಿಲು ಏರಿತು. ಹುರುಳಿ ಹರವಿದ ಹಾಗೇ ಇತ್ತು.

ಆಗ ಟ್ರಾಫಿಕ್ ಪೊಲೀಸಪ್ಪ ಬಂದ. “ಯಾರದಿದು?” ಎಂದ.

ಮಾಮಾ ಅವನಿಗಿಂತ ಜೋರಾಗಿ ಎದ್ದ. “ನಂದ್ರಿ! ನಿಮ್ಮನ್ನ ಹುಡಕಾಕತ್ತಿದ್ದೆ. ಎಲ್ಲಾ ಗಾಡಿ ಆಚೀಕಡೆ ಬಿಟ್ಟೀರಿ. ನನ್ನ ಹುರುಳಿ ಯಾರು ತುಳೀಬೇಕು?”

“ಇದು ಬಂದ್ ಆದ ಸಾಲು. ಇಲ್ಲಿ ಗಾಡಿ ಬರಂಗಿಲ್ಲ.”

“ಇಲ್ಲಿ ಬರಂಗಿಲ್ಲ ಅಂದ್ರ, ಬರೋ ಸಾಲಿಗೆ ಹರವಲೇನ್ರಿ?”

ಪೊಲೀಸಪ್ಪ ಹುರುಳಿಯ ಕಡೆ ಕೈ ಮಾಡಿದ. “ಮೊದಲ ಇದನ್ನ ತುಂಬ್ರಿ” ಎಂದ.

“ಕಾಳು ಉದರಲಾರದ ತುಂಬಂಗಿಲ್ರಿ. ಕಾಳು ಉದರೂತನ ನಾನೂ ಏಳಂಗಿಲ್ಲ, ಇದೂ ಏಳಂಗಿಲ್ಲ.”

ಅಷ್ಟರಲ್ಲಿ ಸಾಹುಕಾರರು ಹೊರಗೆ ಬಂದು ಖುಷಿಯಿಂದ, “ನೋಡ್ರಿ, ನಾ ಹೇಳಿದ್ದು ಖರೆ ಆತೋ ಇಲ್ಲೋ? ಎರಡು ಸಾಲಿನಿಂದ ರೈತರಿಗೂ ತ್ರಾಸು!” ಎಂದು ಹತ್ತು ಜನರಿಗೆ ಕೇಳುವಂತೆ ಹೇಳಿದರು.

ಪೊಲೀಸಪ್ಪ ಅತ್ತ ನೋಡಿದ, ಇತ್ತ ನೋಡಿದ. ಆಮೇಲೆ ತನ್ನ ಮೋಟರ್ ಸೈಕಲ್ ಚಾಲೂ ಮಾಡಿ, ಮುಖ ಗಂಟು ಹಾಕಿಕೊಂಡು, ಹುರುಳಿಯ ಮೇಲೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಹೊಡೆಯತೊಡಗಿದ. ಮಾಮಾ ಬದಿಗೆ ನಿಂತು, “ಆ ಬಲಕ್ಕ ಉಳದೈತ್ರಿ... ಹಾಂ, ಸ್ವಲ್ಪ ನಿಧಾನ” ಎಂದು ಹೇಳಿಕೊಡುತ್ತಿದ್ದ. ಮಧ್ಯಾಹ್ನದೊಳಗೆ ಕಾಳು ಬೇರೆ, ಹೊಟ್ಟು ಬೇರೆ ಆಯಿತು.

ಹೊರಡುವಾಗ ಮಾಮಾ ಒಂದು ಸೇರು ಹುರುಳಿ ಅರಿವೆಯಲ್ಲಿ ಕಟ್ಟಿ ಪೊಲೀಸಪ್ಪನ ಗಾಡಿಗೆ ತೂಗುಹಾಕಿದ. ಅವನು ಸಿಟ್ಟಿನಿಂದ, “ಏನಿದು? ಲಂಚ ಕೊಡ್ತಿಯೇನು?” ಎಂದ.

“ಲಂಚ ಯಾಕ್ರಿ? ಮುಂಜಾನಿಂದ ದುಡದೀರಿ. ಕೂಲಿ.”

ಕಾರ್ತಿಕದ ಕಡೆಯ ಸೋಮವಾರ

ಆ ದಿನ ಬಂತು. ವಿಜಯಪುರದಿಂದ ದೊಡ್ಡ ಸಾಹೇಬರು ಬರುವ ದಿನ.

ಮುಂಜಾನೆಯಿಂದ ರಸ್ತೆಯ ಮೇಲೆ ಗಾಡಿಯೋ ಗಾಡಿ. ಮಾಸ ಪೂರ್ತಿ ಶಾಂತವಾಗಿದ್ದ ರಸ್ತೆ ಅವತ್ತೇ ಯಾಕೆ ಹೀಗೆ ತುಂಬಿತೆಂದು ನನಗೆ ತಿಳಿಯಲಿಲ್ಲ. ಸಾಹುಕಾರರು ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಹಳ ಉಲ್ಲಾಸದಿಂದ ಅಡ್ಡಾಡುತ್ತಿದ್ದರು. ಇದನ್ನು ನೋಡಿದರೆ ಸಾಹೇಬರು ನಾಲ್ಕು ಸಾಲೇ ಬೇಕು ಎನ್ನದೆ ಇರುತ್ತಾರೆಯೇ?

ಸಾಹೇಬರು ಜೀಪಿನಿಂದ ಇಳಿದರು. ಮೇಡಮ್ಮನವರ ಜೊತೆ ನಡೆದು ಬಂದು, ಡಿವೈಡರ್ ಒಡೆದು ಬಿಟ್ಟ ದಾರಿಯ ನಡುವೆಯೇ ನಿಂತರು. ಸಾಹುಕಾರರು ಅವರ ಬಗಲಿಗೆ ನಿಂತು, “ನೋಡ್ರಿ ಸಾಹೇಬರ, ಎಷ್ಟು ಗಾಡಿ! ಊರಿಗೆ ಉಸಿರು ಕಟ್ಟಾಕತ್ತೈತಿ” ಎಂದರು. ಮೇಡಮ್ಮನವರ ಮುಖ ಬಾಡಿತ್ತು.

ಅದೇ ಹೊತ್ತಿಗೆ ಅವ್ವ ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು. ನಾನು ಕೈ ಹಿಡಿಯಲು ಎದ್ದೆ.

“ನೀ ಗಿರಾಕಿ ನೋಡು. ಇವತ್ತ ನಾ ಒಬ್ಬಾಕಿನ ದಾಟ್ತೇನಿ. ನಾಳಿ ಮುಚ್ಚಿದ್ರ ಮುಚ್ಚಲಿ. ಒಂದ್ ಸಲ ಆದ್ರೂ ನನ್ನ ಕಾಲಿಗೆ ಗೊತ್ತಾಗ್ಲಿ.”

ಹಣ್ಣು ಕಾಯಿಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಿಳಿ ಪಟ್ಟೆಯ ಮೇಲೆ ಕಾಲಿಟ್ಟಳು. ಮುಂದಿದ್ದ ಬಿಳಿ ಕಾರು ನಿಂತಿತು. ಓಡಿಸುತ್ತಿದ್ದ ಹುಡುಗ ಕಿಟಕಿಯಿಂದ, “ಶರಣ್ರಿ ಆಯಿ” ಎಂದ.

ನಮ್ಮ ಕಡೆ ಶರಣು ಅಂದವನನ್ನು ಮಾತಾಡಿಸದೆ ಹೋಗುವ ಪದ್ಧತಿ ಇಲ್ಲ. ಅವ್ವ ರಸ್ತೆಯ ನಡುವೆಯೇ ನಿಂತು ಕಿಟಕಿಗೆ ಕೈ ಹಚ್ಚಿದಳು.

“ಶರಣಪಾ. ಯಾವೂರೋ? ಯಾರ ಮಗಾ?”

“ಹೂವಿನ ಹಿಪ್ಪರಗಿ ರೀ. ಸಾಹುಕಾರ್ರ ಅಕ್ಕನ ಮಗ.”

“ಹೌದಾ! ನಿಮ್ಮವ್ವ ಹೆಂಗದಾಳ?”

“ಮೊಣಕಾಲು ಬ್ಯಾನಿ ರೀ. ಏಳಾಕ ಕುಂಡರಾಕ ಆಗವಲ್ದು.”

“ಎಳ್ಳೆಣ್ಣಿ ಬಿಸಿ ಮಾಡಿ ತಿಕ್ಕು ಅನ್ನು. ಹೋಗು, ಹೋಗು.”

ಅವನ ಹಿಂದೆ ಕೆಂಪು ಕಾರು. ಅದರಲ್ಲಿದ್ದವನು ಇಂಗಳೇಶ್ವರದವನು, ಸಾಹುಕಾರರ ಹೆಂಡತಿಯ ತಮ್ಮ. ಅವನಿಗೆ ಮೊನ್ನೆ ಹೆಣ್ಣು ಕೂಸು ಹುಟ್ಟಿತ್ತು. ಅದರ ಹಿಂದಿನ ಜೀಪು ಬಸವನ ಬಾಗೇವಾಡಿಯದು, ಅವರೂ ಸಾಹುಕಾರರ ಬಳಗವೇ, ಮನೆ ಕಟ್ಟಿಸುತ್ತಿದ್ದರು. ಅವ್ವ ಒಬ್ಬೊಬ್ಬರನ್ನೂ ನಿಲ್ಲಿಸಿ, ಕೂಸಿನ ಹೆಸರು ಕೇಳಿ, ಮನೆಗೆ ಬಾಗಿಲು ಯಾವ ದಿಕ್ಕಿಗೆ ಇಟ್ಟಿರಿ ಎಂದು ಕೇಳಿ, ನಡುವಿನ ಡಿವೈಡರಿನ ದಾರಿ ಮುಟ್ಟಿದಳು. ಅಲ್ಲಿ ಸಾಹೇಬರಿಗೂ ಶರಣು ಹೇಳಿ, “ಸ್ವಲ್ಪ ದಣಿವಾರಿಸಿಕೊಳ್ತೇನ್ರಿ” ಎಂದು ಡಿವೈಡರಿನ ಅಂಚಿಗೆ ಕೂತಳು.

ದಣಿವಾರಿಸಿಕೊಂಡು ಎದ್ದು, ಆಚೆಯ ಸಾಲು ದಾಟಲು ಕಾಲಿಟ್ಟಳು. ಮುಂದೆ ಬಂದು ನಿಂತದ್ದು ಬಿಳಿ ಕಾರು.

ಅವ್ವ ಬಗ್ಗಿ ನೋಡಿದಳು. “ಏ ಯಪ್ಪಾ, ನಿನ್ನ ಈಗರೆ ಮಾತಾಡಿಸಿದ್ನಲ್ಲೋ! ಹೂವಿನ ಹಿಪ್ಪರಗಿಗೆ ಹೋಗಿ ಬಂದ್ಯಾ? ನಿಮ್ಮವ್ವನ ಮೊಣಕಾಲು ಅಷ್ಟರಾಗ ಆರಾಮಾತೇನು?”

ಹುಡುಗ ಸಾಹುಕಾರರ ಕಡೆ ನೋಡಿದ. ಅವ್ವ ಅವನ ಕಾರಿನ ಹಿಂದೆ ನೋಡಿದಳು. ಕೆಂಪು ಕಾರು. ಅದರ ಹಿಂದೆ ಜೀಪು.

“ಅಯ್ಯ, ನೀನೂ ಬಂದಿ! ಬಾಣಂತಿನ್ನ ಬಿಟ್ಟು ಎಷ್ಟ್ ತಿರಗ್ತಿಯೋ? ನೋಡ್ರಿ ಸಾಹೇಬರ, ನಾ ಮುಂಜಾನಿಂದ ಮೆಟ್ಟಲ ಮ್ಯಾಲ ಕುಂತು ನೋಡಾಕತ್ತೇನಿ, ಇದ ಬಿಳಿ ಕಾರು, ಇದ ಕೆಂಪು ಕಾರು, ಇದ ಜೀಪು. ಹೋಗ್ತಾವ, ಬರ್ತಾವ, ಹೋಗ್ತಾವ, ಬರ್ತಾವ. ಎಲ್ಲಾರೂ ಒಳ್ಳೆ ಮನಿ ಹುಡುಗ್ರು.”

ಸಾಹೇಬರು ನಿಧಾನವಾಗಿ ಸಾಹುಕಾರರ ಕಡೆ ತಿರುಗಿದರು. ಸಾಹುಕಾರರು ಬೇವಿನ ಗಿಡದ ತುದಿಯಲ್ಲಿ ಏನನ್ನೋ ಹುಡುಕುತ್ತಿದ್ದರು. ಆಗ ಬಿಳಿ ಕಾರಿನ ಹುಡುಗ, ಹಿರಿಯರ ಮುಂದೆ ಸುಳ್ಳು ಹೇಳಿ ಗೊತ್ತಿಲ್ಲದವನು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

“ಮಾಮಾ, ಇನ್ನ ಎಷ್ಟು ಸುತ್ತ ಹೊಡೀಬೇಕ್ರಿ? ಡೀಸೆಲ್ ಮುಗಿಯಾಕ ಬಂತು!”

ರಸ್ತೆಯ ಎರಡೂ ಬದಿಗೆ ನಿಂತ ಜನ ಗೊಳ್ಳೆಂದು ನಕ್ಕರು. ಮೇಡಮ್ಮನವರು ಬೇರೆ ಕಡೆ ಮುಖ ತಿರುಗಿಸಿ ನಕ್ಕರು. ಸಾಹೇಬರು ಮಾತ್ರ ನಗಲಿಲ್ಲ. ಸಾಹುಕಾರರ ಹೆಗಲ ಮೇಲೆ ಕೈ ಇಟ್ಟು ಹೇಳಿದರು:

“ಸಾಹುಕಾರ್ರ, ಊರಾಗ ಗಾಡಿ ಹೆಚ್ಚಾಗಿಲ್ರಿ. ನಿಮ್ಮ ಬಳಗ ಹೆಚ್ಚೈತಿ. ಎರಡು ಸಾಲು ಸಾಕು. ಈ ದಾರಿ ಹಿಂಗ ಇರಲಿ.”

ಗಾಡಿಗಳೆಲ್ಲ ನಿಂತೇ ಇದ್ದವು. ಅವ್ವ ಈ ಮಾತು ಯಾವುದನ್ನೂ ಕೇಳಿಸಿಕೊಳ್ಳದೆ ಆಗಲೇ ಗುಡಿಯ ಮೆಟ್ಟಿಲು ಏರುತ್ತಿದ್ದಳು, ಒಬ್ಬಳೇ.

ಪೂಜೆ ಮುಗಿಸಿ ಬಂದವಳು ಮನೆಗೆ ಬರಲಿಲ್ಲ. ನೆಟ್ಟಗೆ ಅರಿವಿ ಅಂಗಡಿಗೆ ಹೋಗಿ, ಮುಖ ಇಳಿಬಿಟ್ಟು ಕೂತಿದ್ದ ಸಾಹುಕಾರರ ಕೈಗೆ ಕಾಯಿಯ ಹೋಳು ಇಟ್ಟಳು.

“ತಗೋ ತಮ್ಮಾ, ಪ್ರಸಾದ. ಇವತ್ತ ನನಗಂತ ಏನೂ ಬೇಡಕೊಳ್ಳಲಿಲ್ಲ. ನಿಮ್ಮ ಹುಡುಗ್ರ ಸಲುವಾಗೇ ಬೇಡಕೊಂಡೆ.”

ಸಾಹುಕಾರರು ಹೆದರಿ ಹೆದರಿ ಕೇಳಿದರು: “ಏನಂತ ಬೇಡಕೊಂಡಿ ಎವ್ವಾ?”

“ಪಾಪ, ಮುಂಜಾನಿಂದ ಊರಾಗ ಸುತ್ತಾಕತ್ತಾವ. ಲಗೂನ ಅವಕ್ಕ ಮನಿ ದಾರಿ ತೋರಸಪಾ ಬಸವಣ್ಣಾ ಅಂತ.”